ಡ್ರೈವರ್ ತಾತ ಮಗು ಎತ್ತಿಕೊಂಡದ್ದು

ಬಸ್ ಓಡಿಸುವ ಕೆಲಸದಿಂದ ನಿವೃತ್ತರಾದ ಮೇಲೂ ಬೀದಿಯವರಿಗೆಲ್ಲ ಅವರು ಡ್ರೈವರ್ ತಾತನೇ. ದಪ್ಪ ಮೀಸೆ, ಹಾರನ್ನಿನಂಥ ಗಂಟಲು. ಸುಮ್ಮನೆ ಕೂತು ಅಭ್ಯಾಸವಿಲ್ಲದೆ, ಹೆಂಡತಿಯ ಅಡುಗೆಯಲ್ಲಿ ಮೂಗು ತೂರಿಸಿ ದಿನವಿಡೀ ಬೈಸಿಕೊಳ್ಳುತ್ತಿದ್ದರು.

ಮಹಡಿಯಲ್ಲಿ ಬಾಡಿಗೆಗಿದ್ದವರ ಮಗಳು ಹತ್ತನೇ ತರಗತಿ. ಮೆಟ್ಟಿಲಿಳಿಯುತ್ತಲೇ ಗಟ್ಟಿಯಾಗಿ ಪಾಠ ಒಪ್ಪಿಸಿಕೊಳ್ಳುವವಳು. ಕೆಲವು ದಿನಗಳಿಂದ ಆ ಸದ್ದೇ ಇರಲಿಲ್ಲ. ತಾತ ಹತ್ತಿ ಹೋಗಿ ನೋಡಿದರೆ, ಅವಳು ಪುಟ್ಟ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು.

"ಏನಮ್ಮಾ, ಸ್ಕೂಲಿಗೆ ಚಕ್ಕರ್ ಹೊಡೀತಿದೀಯಾ?"

"ಬಿಟ್ಟುಬಿಟ್ಟೆ ತಾತ. ಅಮ್ಮಂಗೆ ಬಿಸ್ಕೆಟ್ ಫ್ಯಾಕ್ಟರೀಲಿ ಕೆಲಸ ಸಿಕ್ತು. ಇವನನ್ನ ನೋಡ್ಕೊಳ್ಳೋರು ಯಾರು?"

"ನಾನಿಲ್ವಾ? ಕೊಡಿಲ್ಲಿ. ನಾಳೆಯಿಂದ ನೀನು ಸ್ಕೂಲಿಗೆ ನಡಿ."

ಸಂಜೆ ಅವಳ ತಾಯಿ ಸಂಕೋಚದಿಂದ ಕೆಳಗಿಳಿದು ಬಂದಳು. "ನಿಮಗ್ಯಾಕೆ ತಾತ ಈ ತಾಪತ್ರಯ? ಒಂದು ವರ್ಷ ತಾನೇ, ಆಮೇಲೆ ಮತ್ತೆ ಸೇರ್ತಾಳೆ."

"ನನ್ನ ತಂಗಿಗೂ ಹೀಗೇ ಒಂದು ವರ್ಷ ಅಂದಿದ್ರಮ್ಮಾ. ಆ ವರ್ಷ ಇನ್ನೂ ಮುಗಿದಿಲ್ಲ."

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ ಅಜ್ಜಿ, "ಧೈರ್ಯವಾಗಿ ಬಿಟ್ಟು ಹೋಗಮ್ಮಾ. ನಮ್ಮ ಮಕ್ಕಳು ಚಿಕ್ಕೋರಿದ್ದಾಗ ಇವರು ರೋಡಲ್ಲೇ ಇದ್ರು. ಈಗ ಅನುಭವಿಸಲಿ!" ಎಂದರು.

ಮರುದಿನ ಮಗು ಮೀಸೆ ಕಂಡದ್ದೇ ಕಿಟಾರನೆ ಕಿರುಚಿತು. ತಾತ ಹಾಡಿದರು, ಕುಣಿದರು, ಏನೂ ನಾಟಲಿಲ್ಲ. ಕೊನೆಗೆ ತೊಡೆಯ ಮೇಲೆ ಕೂರಿಸಿ, ಕೈಗೊಂದು ಸ್ಟೀಲ್ ತಟ್ಟೆ ಹಿಡಿಸಿ, ಬಾಯಲ್ಲೇ ಬಸ್ ಸ್ಟಾರ್ಟ್ ಮಾಡಿದರು. ಅಳು ಗಕ್ಕನೆ ನಿಂತಿತು. ತುತ್ತು ಉಣಿಸುವುದು, ಬಟ್ಟೆ ಬದಲಿಸುವುದು ನಿಧಾನಕ್ಕೆ ಕೈಗೆ ಹತ್ತಿದವು. ಅಜ್ಜಿಯ ಬೈಗುಳಕ್ಕೂ ಹೊಸ ವಿಷಯಗಳು ಸಿಕ್ಕವು.

ಸುದ್ದಿ ಕಿವಿಗೆ ಬಿದ್ದು ಹೈಸ್ಕೂಲಿನ ಹೆಡ್‌ಮೇಡಂ ಮನೆಗೇ ಬಂದರು. "ಇದೇ ಕಾರಣಕ್ಕೆ ಇನ್ನಿಬ್ಬರು ಹುಡುಗೀರು ಮನೇಲಿದ್ದಾರೆ. ನಿಮಗೆ ಹೊರೆ ಆಗುತ್ತೇನೋ..."

"ಬಸ್ಸಲ್ಲಿ ಬೇಕಾದಷ್ಟು ಸೀಟಿದೆ, ಕಳಿಸಿ ಮೇಡಂ."

ಅಂದಿನಿಂದ ಆ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳದ್ದೇ ರಾಜ್ಯ. ಅಕ್ಕಂದಿರು ಸಂಜೆ ಬಂದು ತಮ್ಮತಮ್ಮವರನ್ನು ಎತ್ತಿಕೊಂಡು ಹೋಗುತ್ತಿದ್ದರು. ಆ ವರ್ಷ ಮೂವರೂ ಪರೀಕ್ಷೆ ಬರೆದರು. ಒಬ್ಬಳು ಗಣಿತದಲ್ಲಿ ಡುಮ್ಕಿ ಹೊಡೆದಳು. ಆದರೆ ಮನೆಯಲ್ಲಿ ಕೂರದೆ, ಮತ್ತೆ ಬರೆದು ಪಾಸಾದಳು.

ಮಹಡಿಯ ಹುಡುಗಿಯ ತಾಯಿ ಫ್ಯಾಕ್ಟರಿಗೆ ರಜೆ ಹಾಕಿ ಮಗಳನ್ನು ಕಾಲೇಜಿಗೆ ಸೇರಿಸಿ ಬಂದಳು. "ಅದೇನೋ ವಿಜ್ಞಾನ ತಗೊಂಡಿದ್ದಾಳೆ ತಾತ. ನಂಗಂತೂ ತಲೆಬುಡ ಅರ್ಥ ಆಗಲಿಲ್ಲ."

"ನಂಗೂ ಆಗಲ್ಲಮ್ಮಾ," ತಾತ ನಕ್ಕರು. "ಅವಳಿಗೆ ಆದ್ರೆ ಸಾಕು."