ಅರಳಿಯ ಬುಡದ ಬೆಲ್ಲ

ಹನ್ನೆರಡು ವರ್ಷ ಕತ್ತರಿಸಿ, ಬಾಗಿಸಿ ಮೊಣಕಾಲೆತ್ತರಕ್ಕೆ ನಿಲ್ಲಿಸಿದ್ದ ನನ್ನ ಅರಳಿಯ ಬೋನ್ಸಾಯಿಯನ್ನು ಮಂಗಗಳು ಮೂರನೆಯ ಸಲ ಕಿತ್ತು ಹಾಕಿದ್ದವು. ಬಸವಕಲ್ಯಾಣದ ನಮ್ಮ ಮಾಳಿಗೆಯ ಮೇಲೆ ಇಪ್ಪತ್ತು ಕುಂಡಗಳಿವೆ. ದರಿದ್ರ ಮಂಗಗಳು ಮುಟ್ಟುವುದು ಅದೊಂದನ್ನೇ. ಹರಿದ ಬೇರು ಕತ್ತರಿಸಿ ಹೊಸ ಮಣ್ಣು ತುಂಬುವಾಗ, ಹಳೆಯ ಮಣ್ಣಿನಲ್ಲಿ ಬೆಲ್ಲದ ಚೂರು, ನೆನೆಸಿದ ಕಡಲೆ ಸಿಕ್ಕವು. ಅವ್ವನನ್ನು ಕೇಳಿದೆ.

“ಸಣ್ಣದಿದ್ರೇನಪಾ, ಗಿಡ ಅರಳೀದೇ ಅಲ್ಲೇನು? ಶನಿವಾರಕ್ಕೊಮ್ಮಿ ಪೂಜಾ ಮಾಡಾಕತ್ತೇನಿ,” ಎಂದಳು.

ಸಿಟ್ಟು ನೆತ್ತಿಗೇರಿತು. ಹುಮನಾಬಾದಿಗೆ ಹೋಗಿ ತಂತಿಯ ಜಾಳಿ ತಂದು ಕುಂಡದ ಸುತ್ತ ಬಿಗಿದೆ.

ಶನಿವಾರ ಬೆಳಿಗ್ಗೆ ಅವ್ವ ತಟ್ಟೆ ಹಿಡಿದು ಜಾಳಿಯ ಮುಂದೆ ನಿಂತಿದ್ದಳು. “ಐದು ಸುತ್ತು ಹಾಕೀನಿ. ಬೆಲ್ಲ ಇಡಾಕ ಇದನ್ನೊಂದು ಬಿಚ್ಚಿ ಕೊಡಪಾ.”

ಗೊಣಗುತ್ತ ಇಕ್ಕಳ ಹಿಡಿದು ಕೂತೆ. ಪಕ್ಕದ ಗೋಡೆಯ ಮೇಲೆ ಮಂಗಗಳೂ ಕೂತಿದ್ದವು, ನಾನು ಬಿಚ್ಚಿ ಮುಗಿಸುವುದನ್ನೇ ಕಾಯುತ್ತ.