ಎಣ್ಣೆ ಫಾದರು

ಮಹಾರಾಷ್ಟ್ರದ ಪೈಠಣದ ಸುತ್ತಿನ ಹಳ್ಳಿಗಳಲ್ಲಿ ಫಾದರ್ ಇನ್ನಾಸಪ್ಪನವರ ಬೈಕಿನ ಸದ್ದು ಕೇಳಿದರೆ ಸಾಕು, ಜ್ವರದಿಂದ ಮಲಗಿದವರೂ ಎದ್ದು ಅಂಗಳ ಗುಡಿಸತೊಡಗುತ್ತಾರೆ. ಮಲಗಿಯೇ ಇದ್ದರೆ ಹಣೆಗೆ ಕೊನೆಯ ಎಣ್ಣೆ ಹಚ್ಚಿ ಸ್ವರ್ಗಕ್ಕೆ ಟಿಕೆಟ್ ಹರಿದುಬಿಟ್ಟಾರು ಎಂಬ ಹೆದರಿಕೆ. “ಆಜ್ ನಕೋ ಫಾದರ್, ಇವತ್ತು ಬೇಡ, ಭಾಕರಿ ಇನ್ನೂ ತವೆಯ ಮೇಲಿದೆ!” ಎಂದು ಮುದುಕಿ ಮಂಜುಳಾಬಾಯಿ ಬಾಗಿಲಲ್ಲೇ ಕೈಯಾಡಿಸಿದರೆ, “ಹಾಗಾದ್ರೆ ನನಗೂ ಒಂದು ತಟ್ಟು ಆಯಿ” ಎಂದು ಒಳಗೆ ನುಗ್ಗುವ ಆಸಾಮಿ. ಸಂಭಾಜಿನಗರದಲ್ಲಿ ಉಡುಪಿ ಹೋಟೆಲಿನ ಶೀನ, “ಬನ್ನಿ ಎಣ್ಣೆ ಫಾದರೇ” ಎಂದು ಕಿಚಾಯಿಸಿದರೆ, “ಇದು ಹಣೆಗೆ ಹಚ್ಚೋದ್ರೀ, ಗಂಟಲಿಗೆ ಇಳಿಸೋದಲ್ಲ” ಎನ್ನುತ್ತಾರೆ. ನಾಸಿಕದಲ್ಲಿ ಮರಾಠಿ ಕಲಿತ ಮುದಗಲ್ಲಿನ ಈ ಕನ್ನಡಿಗ ಅಂದಿನಿಂದ ಮರಾಠಿಯಲ್ಲೇ ಪೂಜೆ ಮಾಡಿ, ಮರಾಠಿಯಲ್ಲೇ ಊರವರ ಪಾಪ ಕೇಳಿ, ಈಗ ಕನಸಿನಲ್ಲೂ ಮರಾಠಿಯಲ್ಲೇ ಗದರುತ್ತಾರೆ. ಸಾಯುವವರನ್ನೆಲ್ಲ ಅವರದೇ ಮಾತಿನಲ್ಲಿ ಸಮಾಧಾನಪಡಿಸಿ ಕಳಿಸಿಕೊಟ್ಟವರು. ಹೋದ ಚಳಿಗಾಲ ಮುದಗಲ್ಲಿನಲ್ಲಿ ಅವರ ಅವ್ವ ಕೊನೆಯುಸಿರಿಗೆ ಬಂದಳು. ಮಗನ ಬಾಯಿಂದಲೇ ಜಪ ಕೇಳಿ ಕಣ್ಣು ಮುಚ್ಚಬೇಕೆಂಬುದೊಂದೇ ಅವಳ ಆಸೆ. ಫಾದರು ಹೊರಟು ಮುಟ್ಟುವಷ್ಟು ಹೊತ್ತಿಲ್ಲವೆಂದು, ಅವ್ವನ ಬಳಿಯಿದ್ದ ಅವರ ತಮ್ಮ ಫೋನನ್ನು ಅವಳ ಕಿವಿಗೆ ಹಿಡಿದ. ಫಾದರು ಕಣ್ಣು ಮುಚ್ಚಿ ಶುರುಮಾಡಿದರು. ಸಾವಿನ ಮುಂದೆ ಪಳಗಿದ ನಾಲಿಗೆ ತನ್ನ ಪಾಡಿಗೆ ಮರಾಠಿಯಲ್ಲೇ ಓಡಿತು. “ಇವರ‍್ಯಾರೋ ಬ್ಯಾರೆ ಸ್ವಾಮೇರು ಅದಾರ,” ಎಂದು ಅವ್ವನ ಸಣ್ಣ ದನಿ ಕೇಳಿಸಿತು, “ನನ್ನ ಇನ್ನಾಸನ್ನ ಕರೀರಿ.” ಫಾದರು ಬೆಚ್ಚಿ, “ಅವ್ವಾ, ನಾನ ಅದೀನಿ, ಅವ್ವಾ!” ಎಂದು ಕೂಗತೊಡಗಿದರು. ಕೂಗುತ್ತಲೇ ಇದ್ದರು. ಕೊನೆಗೆ ತಮ್ಮನೇ ಹೇಳಿದ: “ಸಾಕು ಬಿಡಣ್ಣ, ಅವ್ವ ಹೋದ್ಲು.”