ಬದುಕಿದ್ದ ಕಮಾಂಡರ್‌ಗೆ ಎಳ್ಳುನೀರು

ಸೆಪ್ಟೆಂಬರ್ ಮೊದಲ ಶನಿವಾರ ಬೆಳಿಗ್ಗೆ ಡೆಸ್ ಪ್ಲೇನ್ಸ್‌ನ ಶೇಷಗಿರಿ ಅಂಕಲ್‌ಗೆ ಒಂದು ಸುದ್ದಿ ಮುಟ್ಟಿತು. ಅವರ ಮನೆಯಲ್ಲಿ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಳ್ಳುನೀರು ಪಡೆಯುತ್ತಿದ್ದ ಇಂಗ್ಲಿಷ್ ನೌಕಾಧಿಕಾರಿ, ಮೊದಲ ಮೂವತ್ತೆರಡು ವರ್ಷ ಬದುಕೇ ಇದ್ದರು.

ಸುದ್ದಿ ಮುಟ್ಟಿಸಿದವನು ನಾನು.

"ಅಯ್ಯೋ ರಾಮ! ಬದುಕಿರೋ ಮನುಷ್ಯನಿಗೆ ಎಳ್ಳುನೀರು ಬಿಟ್ವಾ?" ಅಂಕಲ್ ಕಾಫಿ ಲೋಟ ಕೆಳಗಿಟ್ಟರು. "ನಿಮಗ್ಯಾರ್ರೀ ಹೇಳಿದ್ದು, ಇದನ್ನೆಲ್ಲಾ ಹುಡುಕಿ ಅಂತ?"

ಅವರೇ ಹೇಳಿದ್ದರು. (ಎಪ್ಪತ್ತೆಂಟರ ಹಿರಿಯರಿಗೆ ಅದನ್ನು ನೆನಪಿಸುವುದು ಹೇಗೆ?)

ಹಿನ್ನೆಲೆ ಇಷ್ಟು. ಅಂಕಲ್ ಅವರ ತಂದೆ ಮೈಸೂರಿನವರು. ಎರಡನೇ ಮಹಾಯುದ್ಧದ ಕಾಲಕ್ಕೆ ಮುಂಬಯಿಯ ಸರಕು ಹಡಗೊಂದರಲ್ಲಿ ಗುಮಾಸ್ತರಾಗಿದ್ದರು. ಹಡಗಿಗೆ ಟಾರ್ಪಿಡೊ ಬಡಿಯಿತು. ಹಲಗೆ ಹಿಡಿದು ತೇಲುತ್ತಿದ್ದವರನ್ನು ಕಮಾಂಡರ್ ಆರ್ಥರ್ ವಿಂಡಲ್ ಅವರ ಬೆಂಗಾವಲು ಹಡಗು ಎತ್ತಿಕೊಂಡಿತು. ಮರುವರ್ಷ ಆ ಹಡಗೂ ಮುಳುಗಿತೆಂಬ ಮಾತು ಮುಂಬಯಿಗೆ ಬಂತು. ಕಮಾಂಡರ್ ಹೋಗಿಬಿಟ್ಟರು ಎಂದುಕೊಂಡ ಗುಮಾಸ್ತರು ತಮ್ಮ ಪಿತೃಗಳ ಜೊತೆಗೆ ಅವರಿಗೂ ನೀರು ಬಿಡತೊಡಗಿದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನುವುದು ಪದ್ಧತಿ. ಹಾಗಾಗಿ ವಿಂಡಲ್ ಕಾಶ್ಯಪ ಗೋತ್ರದವರಾದರು. ತಂದೆಯ ನಂತರ ಮಗ ಮುಂದುವರಿಸಿದರು.

ನಾನು ಮಾಡಿದ್ದು ಸಣ್ಣ ಕೆಲಸ. ಕಮಾಂಡರ್ ಅವರ ಸೇವಾ ದಾಖಲೆ ತರಿಸಿ ಓದಿದೆ.

ಹದಿನಾರನೇ ವಯಸ್ಸಿಗೆ ಮೊದಲ ಮಹಾಯುದ್ಧ. ಹಡಗು ಮುಳುಗಿ, ಉತ್ತರ ಸಮುದ್ರದಲ್ಲಿ ತೇಲುತ್ತಿದ್ದಾಗ ಮೀನುಗಾರರು ಎತ್ತಿಕೊಂಡರು. ಶಾಂತಿ ಬಂದ ಮೇಲೆ ನೌಕಾಪಡೆ ಚಿಕ್ಕದಾಯಿತು, ಇವರನ್ನು ಮನೆಗೆ ಕಳಿಸಿದರು. ಲೇಆಫ್! (ನಮ್ಮ ಪಕ್ಕದೂರು ಇಟಾಸ್ಕಾದ ಆಫೀಸುಗಳಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ.) ಕೋಳಿ ಸಾಕಿಕೊಂಡಿದ್ದರಂತೆ. ಎರಡನೇ ಯುದ್ಧ ಬಂದಾಗ ಮತ್ತೆ ಕರೆ, ಹಳೆಯದೊಂದು ಬೆಂಗಾವಲು ಹಡಗಿನ ಹೊಣೆ. ಆ ಹಡಗು ಮುಳುಗಿದ ದಿನ ಅವರು ಅದರಲ್ಲಿರಲಿಲ್ಲ. ಕಾಲು ಮುರಿದು ದಡದ ಆಸ್ಪತ್ರೆಯಲ್ಲಿ ಮಲಗಿದ್ದರು.

ಮಗಳು ಮಾರ್ಗರೆಟ್ ಈ ದೇಶದಲ್ಲೇ, ಆನ್ ಆರ್ಬರ್‌ನಲ್ಲಿದ್ದಾರೆ ಎಂದೂ ಗೊತ್ತಾಯಿತು. ವಯಸ್ಸು ಎಂಬತ್ತೇಳು.

"ಅಮಾವಾಸ್ಯೆಗೆ ಎರಡೇ ವಾರ. ಈ ಸಲ ನೀರು ಬಿಡಬೇಕೋ, ನಿಲ್ಲಿಸಬೇಕೋ?" ಎಂದರು ಅಂಕಲ್. "ಆಯಮ್ಮನ್ನೇ ಕೇಳ್ಬಿಡೋಣ. ಮೊದಲು ಕ್ಷಮೆ ಕೇಳ್ಬೇಕು. ಫೋನಲ್ಲಿ ಹೇಳೋ ಮಾತಲ್ಲ ಇದು."

ಮರುದಿನವೇ ಹೊರಟೆವು. ಇನ್ನೂರೈವತ್ತು ಮೈಲಿ. ಡ್ರೈವ್ ಮಾಡಿದ್ದು ಅಂಕಲ್ ಮೊಮ್ಮಗಳು ಅನಘಾ. ಹಿಂದಿನ ಸೀಟಿನಲ್ಲಿ ಅಂಕಲ್, ತೊಡೆಯ ಮೇಲೆ ರವೆ ಉಂಡೆಯ ಡಬ್ಬಿ, ಬಾಯಲ್ಲಿ ಇಂಗ್ಲಿಷಿನ ಕ್ಷಮಾಪಣೆ.

"ರಿಲ್ಯಾಕ್ಸ್, ತಾತಾ. ಇಟ್ಸ್ ಜಸ್ಟ್ ವಾಟರ್."

"ಬರೀ ನೀರಲ್ಲಮ್ಮ. ಎಳ್ಳು ಬಿದ್ಮೇಲೆ ಅದರ ಕತೆಯೇ ಬೇರೆ."

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಬೇರೊಂದು. ನಮ್ಮನ್ನು ಎತ್ತಿಕೊಂಡವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ದೇಶಕ್ಕೆ ಬಂದ ನನ್ನ ಮೊದಲ ಚಳಿಗಾಲದಲ್ಲಿ, ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಕೆಟ್ಟು ನಿಂತ ನನ್ನ ಕಾರಿಗೆ ಯಾರೋ ತಮ್ಮ ಬ್ಯಾಟರಿಯಿಂದ ಜಂಪ್ ಕೊಟ್ಟು ಹೋದರು. ಹೆಸರು ಕೇಳಲಿಲ್ಲ. ಮನೆ ಸೇರುವ ಆತುರ.

ಮಾರ್ಗರೆಟ್ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅವರು ನಕ್ಕರು.

"ಅಪ್ಪ ಎಪ್ಪತ್ತೇಳು ವರ್ಷ ಬದುಕಿದರು. ನಿಮ್ಮ ನೀರು ಅವರಿಗೆ ಒಗ್ಗಿತ್ತು ಅಂತ ಕಾಣುತ್ತದೆ."

ಅಂಕಲ್ ಉಸಿರು ಬಿಟ್ಟರು. ಒಂದು ಪ್ರಶ್ನೆ ಉಳಿದಿತ್ತು. ಹತ್ತಿರದಲ್ಲೇ ಶತ್ರುವಿನ ಸಬ್‌ಮರೀನ್ ಇರುವಾಗ ಹಡಗು ನಿಲ್ಲಿಸುವುದು ಸಾವನ್ನು ಕರೆದಂತೆ. ಹಾಗಿದ್ದೂ ಕಮಾಂಡರ್ ನಿಲ್ಲಿಸಿದ್ದು ಯಾಕೆ ಎಂದು ಕೇಳಿದೆ.

"ನಾನೂ ಕೇಳಿದ್ದೆ. 'ನನಗೂ ಯಾರೋ ನಿಲ್ಲಿಸಿದ್ದರಲ್ಲ' ಅಂದರು. ಅಷ್ಟೇ."

ನಂತರ ಮಾರ್ಗರೆಟ್ ಹಳೆಯ ನೋಟ್‌ಬುಕ್ ಒಂದನ್ನು ಅನಘಾಳ ಕೈಗಿಟ್ಟರು. ಒಳಗೆ ಹೆಸರುಗಳು. ಕಮಾಂಡರ್ ಆಸ್ಪತ್ರೆಯಲ್ಲಿದ್ದಾಗ ಅವರ ಹಡಗಿನೊಂದಿಗೆ ಮುಳುಗಿದವರು. ಪ್ರತಿ ನವೆಂಬರ್‌ನಲ್ಲಿ, ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ, ಕಮಾಂಡರ್ ತೋಟದಲ್ಲಿ ನಿಂತು ಅವನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಅವರ ನಂತರ ಮಗಳು ಓದುತ್ತಿದ್ದರು.

"ಈಗ ನನಗೆ ಅಕ್ಷರ ಕಾಣುವುದಿಲ್ಲ. ನಿಮ್ಮ ನೀರು ಒಬ್ಬರಿಗೆ ಮಾತ್ರವೇ?"

ಅಂಕಲ್‌ಗೆ ಅಷ್ಟು ಹೊತ್ತು ಕಲಿತ ಇಂಗ್ಲಿಷ್ ಮರೆತೇಹೋಯಿತು. "ಎಷ್ಟು ಜನಕ್ಕಾದ್ರೂ ಬಿಡ್ತೀನಿ ಕಣಮ್ಮ" ಎಂದರು. (ಅನಘಾ ಅದನ್ನು ತಿರುಗಿಸಿ ಹೇಳಿದಳು. ಅಷ್ಟರಲ್ಲಿ ಮಾರ್ಗರೆಟ್ ತಲೆಯಾಡಿಸಿಯಾಗಿತ್ತು.)

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಡೆಸ್ ಪ್ಲೇನ್ಸ್‌ನ ಮನೆಯ ಹಿಂದಿನ ಮರದ ಡೆಕ್ ಮೇಲೆ ಅನಘಾ ಒಂದೊಂದೇ ಹೆಸರು ಓದಿದಳು, ಅಂಕಲ್ ನೀರು ಬಿಟ್ಟರು. ನಡುವೆ ಎಳ್ಳು ಮುಗಿದು, ಅಡುಗೆಮನೆಯಿಂದ ಇನ್ನಷ್ಟು ತರಬೇಕಾಯಿತು. ಕಮಾಂಡರ್ ಅವರದೂ ಸೇರಿ ಒಟ್ಟು ಅರವತ್ತೆರಡು ಹೆಸರು. ಎಲ್ಲರೂ ಕಾಶ್ಯಪ ಗೋತ್ರ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಆನ್ ಆರ್ಬರ್‌ನಲ್ಲಿ ಮಾರ್ಗರೆಟ್ ಕೊನೆಯ ಹೆಸರಿನವರೆಗೂ ಫೋನ್ ಇಡಲಿಲ್ಲ.